ತುರಹಳ್ಳಿ ಕಾಡಲ್ಲಿ ಬಿದಿರಿನ ಚಾವಡಿ

ಪ್ರಶ್ನೆ: ಕಾಲೇಜು ಪ್ರಾಜೆಕ್ಟ್‌ಗಾಗಿ ಬೆಂಗಳೂರಿನ ತುರಹಳ್ಳಿ ಕಾಡಲ್ಲಿ ಮಕ್ಕಳು ಕೂತು ಹಕ್ಕಿ ನೋಡಲು ಎರಡು ವರ್ಷದ ಮಟ್ಟಿಗೆ ಬಿದಿರಿನ ಚಾವಡಿ ವಿನ್ಯಾಸ ಮಾಡುತ್ತಿದ್ದೇನೆ. ಏನೇನು ಗಮನಿಸಬೇಕು?
– ಆರ್ಕಿಟೆಕ್ಚರ್ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಮೊದಲು ಜಾಗ. ಅದು ಮೀಸಲು ಅರಣ್ಯ, ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಒಂದು ಗೂಟವನ್ನೂ ನೆಡುವಂತಿಲ್ಲ. 2021ರಲ್ಲಿ ಇಲಾಖೆಯೇ ಅಲ್ಲಿ ಟ್ರೀ ಪಾರ್ಕ್ ಮಾಡುತ್ತೇವೆ ಅಂದಾಗ ಸುತ್ತಲಿನ ಜನ ಬೀದಿಗಿಳಿದಿದ್ದರು. ಹಾಗಾಗಿ ಕಾಡಿನ ಒಳಗೆ ಬೇಡ, ಈಗಾಗಲೇ ಜನ ಓಡಾಡಿ ಗಟ್ಟಿಯಾಗಿರುವ ಅಂಚಿನ ನೆಲದಲ್ಲೇ ತೋರಿಸಿ.

ಪಾಯ ತೋಡಬೇಡಿ. ಸಿಮೆಂಟ್ ಸುರಿದರೆ ಅದು ತಾತ್ಕಾಲಿಕ ಅಲ್ಲವೇ ಅಲ್ಲ. ಚಪ್ಪಡಿ ಕಲ್ಲನ್ನು ಸುಮ್ನೆ ನೆಲದ ಮೇಲಿಟ್ಟು ಕಂಬ ನಿಲ್ಲಿಸಿ, ಗಾಳಿಗೆ ಏಳದ ಹಾಗೆ ಬುಡಕ್ಕೆ ಭಾರ ಕೊಡಿ. ಕಲ್ಲಿನಿಂದಾಗಿ ಬಿದಿರಿನ ಬುಡಕ್ಕೆ ನೀರೂ ತಾಗುವುದಿಲ್ಲ.

ಹಸಿ ಬಿದಿರಲ್ಲಿ ಪಿಷ್ಟ ಜಾಸ್ತಿ, ಕುಟ್ಟೆ ಹುಳು ಬೇಗ ಬೀಳುತ್ತದೆ, ಆದ್ದರಿಂದ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕಲಸಿದ ನೀರಲ್ಲಿ ನೆನೆಸಿದ್ದನ್ನೇ ತರಬೇಕು, ಆದರೆ ಆ ನೆನೆಸುವ ಕೆಲಸ ಕಾಡಿನ ಹೊರಗೇ ಆಗಲಿ. ಮೊಳೆ ಹೊಡೆದರೆ ಬಿದಿರು ಸೀಳುತ್ತದೆ. ತೂತು ಕೊರೆದು ಬೋಲ್ಟ್ ಹಾಕಿ, ಆಗ ಬಿಚ್ಚಿ ಬೇರೆಡೆ ಜೋಡಿಸಬಹುದು. ಒಂದೊಂದು ಭಾಗವನ್ನೂ ಇಬ್ಬರು ಹೊರುವಂತಿರಲಿ. ಲಾರಿ ಒಳಗೆ ಬಂದರೆ ಮುಗೀತು.

ಹುಲ್ಲಿನ ಮಾಡು ನೋಡಲು ಚೆಂದ, ಆದರೆ ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಸಾಕು. ಹಳೇ ಮಂಗಳೂರು ಹೆಂಚೇ ವಾಸಿ. ಗಾಜು ಬೇಡ, ಹಕ್ಕಿ ಬಡಿದು ಸಾಯುತ್ತವೆ. ದೀಪವೂ ಬೇಡ, ಸಂಜೆ ಮೇಲೆ ಮಕ್ಕಳಿಗೆ ಅಲ್ಲೇನು ಕೆಲಸ ಅಲ್ವಾ? ಬಿಚ್ಚುವ ಕ್ರಮದ್ದೂ ಒಂದು ನಕ್ಷೆ ಬರೆದು ಸೇರಿಸಿ.