ಹತ್ತಿರವಾದಷ್ಟೂ ದೂರ ಸರಿದ ಗಂಡ: ಒಂದು ಆಪ್ತಸಲಹೆ ಪ್ರಕರಣ

ಬೆಂಗಳೂರಿನ ವಿಜಯನಗರದ ಈ ದಂಪತಿಯನ್ನು ಇಲ್ಲಿ ಸುಧಾ, ಮಹೇಶ ಎಂದು ಕರೆಯುತ್ತೇನೆ. ಗುರುತು ಸಿಗದಂತೆ ಹೆಸರು, ಉದ್ಯೋಗ, ಮನೆತನದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಸುಧಾ ಬ್ಯಾಂಕ್ ಉದ್ಯೋಗಿ, ಮಹೇಶ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾರೆ. ಒಬ್ಬಳು ಮಗಳಿದ್ದಾಳೆ. ಮಹೇಶ ಸಹೋದ್ಯೋಗಿಯೊಬ್ಬರೊಂದಿಗೆ ಸಂಬಂಧ ಇಟ್ಟುಕೊಂಡಿದ್ದುದು ವಾಟ್ಸಾಪ್ ಸಂದೇಶಗಳಿಂದ ಬಯಲಾಗಿ, ಎರಡೂ ಮನೆಯ ಹಿರಿಯರು ಕೂತು ಮಾತನಾಡಿ, ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂದು ಮಹೇಶರಿಂದ ಆಣೆ ಹಾಕಿಸಿದ ಮೇಲೆ ಇಬ್ಬರೂ ನನ್ನ ಬಳಿಗೆ ಬಂದರು. ಹೀಗೇಕಾಯಿತು ಎಂದು ಅಲ್ಲಿಯವರೆಗೆ ಅವರನ್ನು ಯಾರೂ ಕೇಳಿರಲಿಲ್ಲ.

“ಮನೆಗೆ ನಾನು ಏನೂ ಕಡಿಮೆ ಮಾಡಿಲ್ಲ ಮೇಡಂ. ಅದು ಬೇರೆ, ಇದು ಬೇರೆ,” ಎಂದರು ಮಹೇಶ. ಸಂಸಾರವನ್ನೂ ಆ ಸಂಬಂಧವನ್ನೂ ಮನಸ್ಸಿನ ಎರಡು ಕೋಣೆಗಳಲ್ಲಿಟ್ಟು ನಡುವಿನ ಬಾಗಿಲು ಮುಚ್ಚಿದ್ದರಿಂದ ಅವರಿಗೆ ತಪ್ಪಿನ ಅರಿವು ತಟ್ಟುತ್ತಿರಲಿಲ್ಲ. ಸುಧಾ ಸದಾ ಅನುಮಾನಿಸುತ್ತಿದ್ದುದರಿಂದಲೇ ಹೀಗಾಯಿತು ಎಂಬ ಸಮರ್ಥನೆಯೂ ಸಿದ್ಧವಾಗಿತ್ತು. ಅದಕ್ಕಿಂತ ಕ್ರೂರವಾದುದೆಂದರೆ, ಆ ಸಂಬಂಧ ನಡೆಯುತ್ತಿದ್ದ ದಿನಗಳಲ್ಲೇ ಅವರು ಹೆಂಡತಿಯ ನಡತೆಯನ್ನು ಪ್ರಶ್ನಿಸಿದ್ದರು. ತನ್ನೊಳಗೆ ಸಹಿಸಲಾಗದ್ದನ್ನು ಎದುರಿನವರಲ್ಲಿ ಕಾಣುವ ಇದನ್ನು ಪ್ರಕ್ಷೇಪಣೆ ಎನ್ನುತ್ತೇವೆ. ಇವೆಲ್ಲ ಮನಸ್ಸು ನೋವಿನಿಂದ ತನ್ನನ್ನು ಕಾಪಾಡಿಕೊಳ್ಳುವ ರಕ್ಷಣಾ ತಂತ್ರಗಳು; 1936ರಲ್ಲಿ ಮನೋವಿಶ್ಲೇಷಕಿ ಆನ್ನಾ ಫ್ರಾಯ್ಡ್ ಇವನ್ನು ವಿಸ್ತಾರವಾಗಿ ವಿವರಿಸಿದರು. ಬಹುಮಟ್ಟಿಗೆ ಅರಿವಿಲ್ಲದೆಯೇ ನಡೆಯುವುದರಿಂದ ಇವನ್ನು ಬರೀ ಸುಳ್ಳು ಎಂದು ತಳ್ಳಿಹಾಕಿದರೆ ಚಿಕಿತ್ಸೆ ಮುಂದೆ ಸಾಗುವುದಿಲ್ಲ.

ಮಹೇಶ ಆರನೇ ತರಗತಿಯಿಂದ ಹಾಸ್ಟೆಲಿನಲ್ಲಿ ಬೆಳೆದವರು. ಅತ್ತರೆ ತಂದೆ ಗದರುತ್ತಿದ್ದರು. ಸುಧಾ ಅವರ ತಾಯಿ ಆಗಾಗ ಕಾಯಿಲೆ ಬೀಳುತ್ತಿದ್ದುದರಿಂದ ಅವರ ಬಾಲ್ಯ ಅಜ್ಜಿಯ ಮನೆಗೂ ತಮ್ಮ ಮನೆಗೂ ನಡುವೆ ಓಡಾಟದಲ್ಲೇ ಕಳೆದಿತ್ತು. ಪೋಷಕರೊಂದಿಗಿನ ಬಾಂಧವ್ಯದ ಬಗ್ಗೆ ಮನೋವೈದ್ಯ ಜಾನ್ ಬೌಲ್ಬಿ, ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಕಂಡುಕೊಂಡದ್ದನ್ನು 1987ರಲ್ಲಿ ಮನೋವಿಜ್ಞಾನಿಗಳಾದ ಹೇಜನ್ ಮತ್ತು ಶೇವರ್ ವಯಸ್ಕರ ಪ್ರೇಮಕ್ಕೆ ಅನ್ವಯಿಸಿದರು. ಕೆಲವರು ಬಿಟ್ಟುಹೋದಾರೆಂಬ ಆತಂಕದಲ್ಲಿ ಮತ್ತೆ ಮತ್ತೆ ಭರವಸೆ ಕೇಳುತ್ತಾರೆ, ಕೆಲವರು ಆಪ್ತತೆ ಹೆಚ್ಚಿದಂತೆ ಉಸಿರುಗಟ್ಟಿದವರಂತೆ ದೂರ ಸರಿಯುತ್ತಾರೆ. ಈ ಮನೆಯಲ್ಲಿ ಸುಧಾ ಕೇಳಿದಷ್ಟೂ ಮಹೇಶ ಮೌನವಾದರು, ಅವರು ಮೌನವಾದಷ್ಟೂ ಇವರು ಹೆಚ್ಚು ಕೇಳಿದರು. ಏನನ್ನೂ ಕೇಳದ, ಏನನ್ನೂ ಬೇಡದ ಸಂಬಂಧವೊಂದು ಮಹೇಶರಿಗೆ ಹಗುರವೆನಿಸಿದ್ದು ಆ ಹೊತ್ತಿನಲ್ಲಿ.

ಆದರೆ ಇಷ್ಟರಿಂದಲೇ, ಆಪ್ತತೆಯಿಂದ ದೂರ ಸರಿಯುವ ಸ್ವಭಾವದವರೆಲ್ಲ ದಾಂಪತ್ಯದ್ರೋಹ ಮಾಡುತ್ತಾರೆಂದು ತೀರ್ಮಾನಿಸಬಾರದು. 2011ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಆ ಸ್ವಭಾವಕ್ಕೂ ದ್ರೋಹಕ್ಕೂ ನಂಟು ಕಂಡುಬಂದರೆ, ನವದಂಪತಿಗಳನ್ನು ಕುರಿತ 2013ರ ಅಧ್ಯಯನದಲ್ಲಿ ನಂಟು ಕಾಣಿಸಿದ್ದು ಬಿಟ್ಟುಹೋದಾರೆಂಬ ಆತಂಕಕ್ಕೆ. ಅದೂ ದ್ರೋಹ ಮಾಡಿದವರ ಆತಂಕಕ್ಕಷ್ಟೇ ಅಲ್ಲ, ಸಂಗಾತಿಯ ಆತಂಕಕ್ಕೂ. ಇಂಥದ್ದನ್ನು ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದ ಸುಧಾ, “ಹಾಗಾದರೆ ಅತ್ತೆ ಹೇಳಿದ ಹಾಗೆ ತಪ್ಪು ನನ್ನದೇನಾ ಮೇಡಂ?” ಎಂದು ಕೇಳಿದರು. ಅಲ್ಲ ಎಂದೆ. ದಾಂಪತ್ಯದ ಬೇಸರಕ್ಕೆ ಇಬ್ಬರೂ ಕಾರಣರಿರಬಹುದು, ದ್ರೋಹದ ನಿರ್ಧಾರ ಒಬ್ಬರದು. ಈ ಮಾತನ್ನು ಮಹೇಶರ ಎದುರಿಗೇ ಹೇಳಿದೆ, ಮತ್ತು ಬಾಲ್ಯದ ಕಥೆಯನ್ನು ಕ್ಷಮಾಪಣೆಯ ಬದಲಿಗೆ ಬಳಸಬೇಡಿ ಎಂದೂ ಅವರಿಗೆ ತಿಳಿಸಿದೆ.

ಆ ಸಂಬಂಧವನ್ನು ಪೂರ್ತಿ ಮುಗಿಸಿ, ಕಚೇರಿಯಲ್ಲಿ ತಂಡ ಬದಲಾವಣೆ ಕೇಳಿಕೊಳ್ಳಬೇಕು; ಕೆಲಸದ ನಿಮಿತ್ತ ಮಾತನಾಡಲೇಬೇಕಾಗಿ ಬಂದರೆ ಅಂದೇ ಸುಧಾ ಅವರಿಗೆ ತಿಳಿಸಬೇಕು ಎಂಬುದು ಮೊದಲ ಸಲಹೆ. ಇಬ್ಬರೂ ಲೈಂಗಿಕ ಸೋಂಕಿನ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದೂ ಹೇಳಿದೆ; ಮುಜುಗರದಿಂದ ಇದನ್ನು ಕೈಬಿಡುವವರೇ ಹೆಚ್ಚು. ರಾತ್ರಿಯಿಡೀ ನಡೆಯುತ್ತಿದ್ದ ವಿಚಾರಣೆಯ ಬದಲು, ಮಗಳು ಮಲಗಿದ ಮೇಲೆ ವಾರಕ್ಕೆ ಮೂರು ದಿನ ಅರ್ಧ ಗಂಟೆ ಸುಧಾ ಕೇಳಬೇಕು, ಮಹೇಶ ಪ್ರಾಮಾಣಿಕವಾಗಿ ಉತ್ತರಿಸಬೇಕು. ಸಹಿಸಲಾಗದೆ ಎದ್ದು ಹೋಗಬೇಕೆನಿಸಿದರೆ ಎಷ್ಟು ಹೊತ್ತಿಗೆ ಮರಳುವೆನೆಂದು ಹೇಳಿ ಹೋಗಬೇಕು ಮತ್ತು ಹೇಳಿದ ಹೊತ್ತಿಗೆ ಮರಳಿ ಬಂದು ಕೂರಲೇಬೇಕು. ಹೊರಟವರು ಹಿಂದಿರುಗುತ್ತಾರೆಂಬ ಅನುಭವ ಸುಧಾ ಅವರಿಗೂ, ಕೂತು ಕೇಳಿದರೆ ತಾನು ಕುಸಿದುಹೋಗುವುದಿಲ್ಲವೆಂಬ ಅನುಭವ ಮಹೇಶರಿಗೂ ಆಗಬೇಕಿತ್ತು. ಶಯ್ಯೆಯ ವಿವರಗಳನ್ನು ಕೇಳದಿರುವುದೇ ಒಳ್ಳೆಯದು ಎಂದೆ, ಏಕೆಂದರೆ ಅವು ಚಿತ್ರಗಳಾಗಿ ಮನಸ್ಸಿನಲ್ಲಿ ಉಳಿದು ಕಾಡುತ್ತವೆ.

ಪೊಲೀಸರಿಗೆ ದೂರು ಕೊಡುತ್ತೇವೆಂದು ಸುಧಾ ಅವರ ಅಣ್ಣ ಪಟ್ಟು ಹಿಡಿದಿದ್ದರು. 2018ರ ಸೆಪ್ಟೆಂಬರ್ 27ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವ್ಯಭಿಚಾರವು ಅಪರಾಧವಲ್ಲವಾದರೂ 1955ರ ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನಕ್ಕೆ ಆಧಾರವಾಗಿ ಉಳಿದಿದೆ ಎಂದು ತಿಳಿಸಿ, ಹೆಚ್ಚಿನ ವಿವರಗಳಿಗೆ ವಕೀಲರನ್ನು ಕಾಣುವಂತೆ ಸೂಚಿಸಿದೆ.

ಕೆಲವು ತಿಂಗಳ ನಂತರದ ಭೇಟಿಯೊಂದರಲ್ಲಿ ಮಹೇಶ, “ಇವಳು ಅತ್ತಾಗಲೆಲ್ಲ ನಾನು ಕೆಟ್ಟವನು ಅನ್ನಿಸುತ್ತಿತ್ತು, ಅದನ್ನು ತಡೆಯಲಾಗದೆ ಎದ್ದು ಹೋಗುತ್ತಿದ್ದೆ,” ಎಂದು ಮೊದಲ ಬಾರಿಗೆ ಹೆಂಡತಿಯನ್ನೇ ನೋಡಿ ಹೇಳಿದರು. ಇದನ್ನು ನಾನು ದೊಡ್ಡ ಪ್ರಗತಿಯೆಂದೇ ಎಣಿಸುತ್ತೇನೆ. ಜೊತೆಯಲ್ಲಿ ಬಾಳಬೇಕೇ ಎಂಬುದನ್ನು ಸುಧಾ ಇನ್ನೂ ತೀರ್ಮಾನಿಸಿಲ್ಲ. ಬೇಗ ಕ್ಷಮಿಸಿಬಿಡು ಎಂದು ಅತ್ತೆ ಮಾವ ಒತ್ತಾಯಿಸುತ್ತಿರುವುದರಿಂದ, ಸುಧಾ ಅವರಿಗೆ ಸ್ವಲ್ಪ ಕಾಲಾವಕಾಶ ಕೊಡಿ ಎಂದು ತಮ್ಮ ತಂದೆ ತಾಯಿಗೆ ಹೇಳುವ ಹೊಣೆಯನ್ನು ಈಗ ಮಹೇಶರಿಗೇ ವಹಿಸಿದ್ದೇನೆ.