ಪಿನ್ ಹೊಡೆದ್ರು, ಹೊಲಿಗೆ ಹಾಕ್ಲಿಲ್ಲ ಅನ್ನೋ ಕೊರಗು

ಐದು ತಿಂಗಳ ಬಾಣಂತಿ, ಗುರುತು ಸಿಗೋ ವಿವರ ಬಿಟ್ಟಿದೀನಿ. ನಿದ್ದೆ ಬರಲ್ಲ ಅಂತ ಬಂದಿದ್ಲು, ಆದ್ರೆ ಮಾತು ತಿರುಗಿ ತಿರುಗಿ ಹೊಟ್ಟೆ ಮೇಲಿನ ಗೆರೆಗೇ ಬರ್ತಿತ್ತು. ಇವಳ ಸಿಸೇರಿಯನ್ನಿಗೆ ಚರ್ಮಕ್ಕೆ ಸ್ಟೇಪ್ಲರ್ ಥರದ ಪಿನ್ ಹಾಕಿ ವಾರದೊಳಗೆ ತೆಗೆದಿದ್ರು, ವಾರಗಿತ್ತಿಗೆ ಪ್ರೈವೇಟಲ್ಲಿ ಕರಗೋ ದಾರದ್ದು, ಎಲ್ರೂ ಕಾಸ್ಮೆಟಿಕ್ ಸ್ಟಿಚ್ ಅಂತಾರಲ್ಲ ಅದು. ನೀರು ಹಾಕುವಾಗ ಅತ್ತೆ 'ಅವಳ್ದು ಕಾಣೋದೇ ಇಲ್ಲ, ನಿಂದ್ಯಾಕೆ ಹಿಂಗೆ' ಅಂದ್ರಂತೆ. ಅವತ್ತಿಂದ ಗಂಡನ ಎದುರು ಸೀರೆನೂ ಬದಲಾಯ್ಸಲ್ಲ. 'ದುಡ್ಡು ಕೊಟ್ಟಿದ್ರೆ ನೀಟಾಗಿ ಹೊಲೀತಿದ್ರು ಮೇಡಂ, ಒಳಗಡೆನೂ ಹಿಂಗೇ ಹೊಲ್ದಿದ್ರೆ ಮುಂದಿನ ಸಲ ಬಿಚ್ಕೊಳ್ಳಲ್ವಾ?'

ಅಸಲಿ ಭಯ ಈ ಕೊನೇ ಮಾತಲ್ಲಿತ್ತು. ಅದಕ್ಕೇ ಮೊದ್ಲು ಅದನ್ನೇ ಬಿಡಿಸಿ ಹೇಳ್ದೆ: ಗರ್ಭಕೋಶ ಹೊಲಿಯೋದೇ ಬೇರೆ, ಅದರ ಮೇಲೆ ಗಟ್ಟಿ ಪೊರೆಗೆ ಬೇರೆ ಹೊಲಿಗೆ, ಚರ್ಮ ಎಲ್ಲಕ್ಕಿಂತ ಕೊನೇದು, ಮೇಲಿನ ಗೆರೆ ನೋಡಿ ಒಳಗಿಂದು ಹೇಗಿದೆ ಅಂತ ಯಾರಿಗೂ ಹೇಳಕ್ಕಾಗಲ್ಲ, ಅತ್ತೆಗಂತೂ ಆಗಲ್ಲ. ಪಿನ್ನಲ್ಲಿ ಗಾಯ ಬಾಯಿಬಿಡೋ ಸಾಧ್ಯತೆ ದಾರಕ್ಕಿಂತ ಸ್ವಲ್ಪ ಜಾಸ್ತಿ, ನಿಜ, ಆದ್ರೆ ಇವಳಿಗೆ ಹಾಗಾಗಿಲ್ಲ, ಚೆನ್ನಾಗೇ ಕೂಡಿದೆ. ಗೆರೆ ಅಂದಕ್ಕೆ ಬಂದ್ರೆ ಎರಡಕ್ಕೂ ಅಂಥಾ ವ್ಯತ್ಯಾಸ ಇಲ್ಲ, ಅವರವರ ಚರ್ಮದ ಗುಣ, ಸೋಂಕು ಆಗಿತ್ತಾ ಇಲ್ವಾ ಅನ್ನೋದೇ ಹೆಚ್ಚು. ಐದು ತಿಂಗಳಿಗೆ ಕೆಂಪಗೆ, ತುಸು ಉಬ್ಬಿ ಇರೋದು ಮಾಮೂಲಿ, ಮಾಸೋಕೆ ವರ್ಷ ಒಂದೂವರೆ ವರ್ಷ ಹಿಡಿಯುತ್ತೆ, ಸುತ್ತ ಜೋಮು ಹಿಡಿದಂಗೆ ಇರೋದೂ ತಿಂಗಳುಗಟ್ಟಲೆ ಇರುತ್ತೆ.

ಮಾಡ್ಬೇಕಾದ್ದು: ಗಾಯ ಪೂರ್ತಿ ಒಣಗಿರೋದ್ರಿಂದ ದಿನಾ ಎಣ್ಣೆ ಹಚ್ಚಿ ಬೆರಳಲ್ಲಿ ಮೆಲ್ಲಗೆ ತಿಕ್ಕು (ಕೈಯಿಟ್ಟು ಮುಟ್ಟೋ ಅಭ್ಯಾಸ ಆಗ್ಲಿ ಅಂತಾನೂ ಹೇಳ್ದೆ), ಸಿಲಿಕೋನ್ ಜೆಲ್ ಬೇಕಾದ್ರೆ ಡಾಕ್ಟರ್ ಕೇಳಿ ಹಚ್ಚು. ಗೆರೆ ದಾಟಿ ಆಚೆಗೂ ಬೆಳೀತಾ ಹೋದ್ರೆ, ತುಂಬಾ ತುರಿಸಿದ್ರೆ ಕೀಲಾಯ್ಡ್ (ಕಲೆ ಮಿತಿಮೀರಿ ಬೆಳೆಯೋದು) ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸು. ಕೀವು, ಜ್ವರ, ಹೊಸದಾಗಿ ನೋವು ಬಂದ್ರೆ ಅದೇ ದಿನ ಆಸ್ಪತ್ರೆಗೆ ಹೋಗು. ಡಿಸ್ಚಾರ್ಜ್ ಕಾರ್ಡ್ ಜೋಪಾನ, ಗರ್ಭಕೋಶ ಹೇಗೆ ಕುಯ್ದಿದ್ದು ಅಂತ ಮುಂದಿನ ಡಾಕ್ಟರಿಗೆ ಬೇಕಾಗೋದು ಅದೇ. ಇನ್ನೊಂದು ಬಸುರಿಗೆ ಮುಂಚೆ ಕಡಿಮೆ ಅಂದ್ರೂ 18 ತಿಂಗಳು ಗ್ಯಾಪ್ ಇರ್ಲಿ.

ನಿದ್ದೆ ವಿಷ್ಯಾನ ಗೆರೆ ಮೇಲೆ ಹಾಕಿ ಸುಮ್ನಿರೋಕಾಗಲ್ಲ. ಬಾಣಂತಿ ಖಿನ್ನತೆಗೆ ಕೇಳೋ ಎಡಿನ್‌ಬರೋ ಸ್ಕೇಲಿನ 10 ಪ್ರಶ್ನೆ ಕೇಳ್ದೆ, ಸ್ಕೋರ್ ಅಂಚಲ್ಲಿತ್ತು, ಎರಡು ವಾರಕ್ಕೆ ಮತ್ತೆ ನೋಡೋಣ ಅಂದಿದೀನಿ. ರಾತ್ರಿ ತಡೆಯಕ್ಕಾಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು ಅಂತ ನಂಬರ್ ಬರ್ಕೊಟ್ಟೆ. ಗಂಡನ್ನೂ ಕರ್ಕೊಂಡು ಬಾ ಅಂದೆ, ಅತ್ತೆ ಹತ್ರ ಮಾತಾಡ್ಬೇಕಾದ್ದು ಅವನೇ, ಇವಳಲ್ಲ.