ಟೈಮ್ ಶೀಟ್‌ನಲ್ಲಿ ಏನು ಬರೆಯಬೇಕು, ಎಷ್ಟು ಬರೆಯಬೇಕು?

ಪ್ರಶ್ನೆ: ಬೆಂಗಳೂರಿನ ಒಂದು ಲಾ ಫರ್ಮ್‌ಗೆ ಅಸೋಸಿಯೇಟ್ (ಕಿರಿಯ ವಕೀಲ) ಆಗಿ ಸೇರಿ ಮೂರು ತಿಂಗಳಾಯಿತು. ದಿನಾ ತುಮಕೂರಿನಿಂದ ರೈಲಿನಲ್ಲಿ ಹೋಗಿಬರುತ್ತೇನೆ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡುವ ಟೈಮ್ ಶೀಟ್ ಅನ್ನು ಶನಿವಾರ ಕೂತು ಒಟ್ಟಿಗೆ ತುಂಬುತ್ತೇನೆ. ‘ಅಗ್ರಿಮೆಂಟ್ ಕೆಲಸ, 5 ಗಂಟೆ’ ಎಂದು ಬರೆದರೆ ಸೀನಿಯರ್ ಅರ್ಧ ಕತ್ತರಿಸುತ್ತಾರೆ. ನಾನು ನಿಧಾನ ಅಂದುಕೊಳ್ಳುತ್ತಾರೆ ಎಂಬ ಭಯಕ್ಕೆ ಕೆಲವು ಸಲ ನಾನೇ ಕಡಿಮೆ ಬರೆಯುತ್ತೇನೆ. ಸರಿಯೇ?
– ಓದುಗರು, ತುಮಕೂರು

ಉತ್ತರ: ನಮ್ಮ ಜಿಲ್ಲಾ ಕೋರ್ಟುಗಳಲ್ಲಿ ಸಾಮಾನ್ಯವಾಗಿ ಕೇಸಿಗೆ ಇಷ್ಟು ಎಂದು ಫೀಸು ಮಾತಾಡುತ್ತಾರೆ. ಅದನ್ನೇ ನೋಡಿ ಬೆಳೆದವರಿಗೆ ಗಂಟೆ ಲೆಕ್ಕದ ಬಿಲ್ ಹೊಸದು. ಹಾಗಾಗಿ ಮೊದಲು ಒಂದು ಮಾತು. ನಿಮ್ಮ ಟೈಮ್ ಶೀಟ್‌ನ ಸಾಲುಗಳೇ ಕಕ್ಷಿದಾರರ ಬಿಲ್ ಆಗುತ್ತವೆ. ಆ ಬಿಲ್ ಓದುವವರು ಯಾರು? ವಸಂತನರಸಾಪುರದ ಒಂದು ಕಾರ್ಖಾನೆ ನಿಮ್ಮ ಕಕ್ಷಿದಾರ ಅಂದುಕೊಳ್ಳಿ. ಅಲ್ಲಿನ ಅಕೌಂಟ್ಸ್ ವಿಭಾಗದವರು ನಿಮ್ಮನ್ನು ನೋಡಿಯೇ ಇಲ್ಲ. ‘ಅಗ್ರಿಮೆಂಟ್ ಕೆಲಸ’ ಎಂದರೆ ಅವರಿಗೆ ಏನು ಗೊತ್ತಾಗಬೇಕು?

ಆ ಕಾರ್ಖಾನೆಯ ಜಾಗ ಕೆಐಎಡಿಬಿ, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಮೊದಲು ಲೀಸ್, ಆಮೇಲೆ ಮಾರಾಟ ಎಂಬ ಒಪ್ಪಂದದಲ್ಲಿ ಕೊಟ್ಟದ್ದು ಅಂದುಕೊಳ್ಳಿ. ‘ಅಗ್ರಿಮೆಂಟ್ ಕೆಲಸ’ ಅನ್ನುವ ಬದಲು ಹೀಗೆ ಬರೆಯಿರಿ: ‘ಕೆಐಎಡಿಬಿ ಲೀಸ್ ಕಂ ಸೇಲ್ ಅಗ್ರಿಮೆಂಟ್ ಓದಿ, ಜಾಗ ವರ್ಗಾಯಿಸಲು ಮಂಡಳಿಯ ಒಪ್ಪಿಗೆ ಬೇಕೇ ಎಂದು ಪರಿಶೀಲನೆ, 0.7.’ ಅದರ ಕೆಳಗೆ ಬೇರೆ ಸಾಲಿನಲ್ಲಿ: ‘ಒಪ್ಪಿಗೆ ಕೋರುವ ಪತ್ರದ ಕರಡು ತಯಾರಿ, 1.2.’ ಏನು ಮಾಡಿದಿರಿ, ಯಾವ ಕಾಗದದ ಮೇಲೆ, ಯಾತಕ್ಕೆ – ಮೂರೂ ಕಾಣುತ್ತದೆ. ನಾಲ್ಕು ಕೆಲಸ ಸೇರಿಸಿ 5 ಗಂಟೆ ಎಂದು ಒಂದೇ ಸಾಲಿನಲ್ಲಿ ತುರುಕಿದರೆ, ಯಾವುದಕ್ಕೆ ಎಷ್ಟಾಯಿತು ಎಂದು ತಿಳಿಯದೆ ಕತ್ತರಿ ಬೀಳುತ್ತದೆ. ‘ಸೀನಿಯರ್ ಜೊತೆ ಚರ್ಚೆ’ ಎಂದಷ್ಟೇ ಬರೆದರೂ ಅದೇ ಕಥೆ. ಯಾವ ವಿಷಯದ ಚರ್ಚೆ ಎಂದು ಸೇರಿಸಿ.

ಈ 0.7 ಎಂದರೆ 42 ನಿಮಿಷ. ಗಂಟೆಯನ್ನು ಹತ್ತು ಭಾಗ ಮಾಡಿದರೆ ಒಂದೊಂದು ಭಾಗ 6 ನಿಮಿಷ. ಅರ್ಧ ಗಂಟೆಗೆ 0.30 ಎಂದು ಬರೆಯುವ ತಪ್ಪು ಹೊಸಬರಲ್ಲಿ ಸಹಜ. ಅದು 0.5 ಆಗಬೇಕು.

ಆದರೆ ವಿವರ ಅಂದ ಮಾತ್ರಕ್ಕೆ ಎಲ್ಲವನ್ನೂ ಬಿಚ್ಚಿಡಬೇಡಿ. ‘ಕಕ್ಷಿದಾರರ ಕಡೆಯೇ ತಪ್ಪಿದೆ ಎಂದು ಕಂಡುಬಂತು’ ಎಂಬಂಥ ಸಾಲು ಟೈಮ್ ಶೀಟ್‌ನಲ್ಲಿ ಬರಲೇಬಾರದು. ಆರ್ಬಿಟ್ರೇಷನ್ ಅಂದರೆ ಕೋರ್ಟಿನ ಬದಲು ಮಧ್ಯಸ್ಥಗಾರರ ಮುಂದೆ ವ್ಯಾಜ್ಯ ತೀರಿಸಿಕೊಳ್ಳುವುದು. 1996ರ ಆರ್ಬಿಟ್ರೇಷನ್ ಕಾಯ್ದೆಯ 31ಎ ಕಲಮಿನಡಿ ಗೆದ್ದವರು ವಕೀಲರ ಫೀಸನ್ನೂ ಎದುರು ಪಕ್ಷದಿಂದ ಕೇಳಬಹುದು. ಆಗ ಫೀಸಿನ ಲೆಕ್ಕಕ್ಕೆ ಇದೇ ಬಿಲ್ಲುಗಳನ್ನು ಮುಂದಿಡಬೇಕಾದೀತು. ಎದುರು ವಕೀಲರು ಓದಿದರೂ ತೊಂದರೆಯಿಲ್ಲ ಅನ್ನುವ ಹಾಗೆ ಬರೆಯಿರಿ.

ಶನಿವಾರದವರೆಗೆ ಕಾಯುವುದನ್ನು ಇವತ್ತೇ ಬಿಡಿ. ಹೊಸತರಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಒಂದು ಸಲ ಮಂಗಳವಾರದ ಮಧ್ಯಾಹ್ನ ಏನು ಮಾಡಿದೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅಂದಾಜಿನ ಮೇಲೆ ತುಂಬಿದೆ. ಬೇರೆಯವರ ದುಡ್ಡಿಗೆ ಅಂದಾಜಿನ ಲೆಕ್ಕ ಕೊಟ್ಟೆನಲ್ಲ ಎಂಬ ಬೇಸರ ಈಗಲೂ ಇದೆ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಕೈ ಹಾಕುವಾಗಲೇ ಸಮಯ ಗುರುತು ಹಾಕಿಕೊಳ್ಳಿ. ಸಂಜೆ ರೈಲು ಹತ್ತುವ ಮುಂಚೆ ಸಾಲುಗಳನ್ನು ಪೂರ್ತಿ ಮಾಡಿ. ಅಂದ ಹಾಗೆ, ಮನೆಯಿಂದ ಆಫೀಸಿಗೆ ಹೋಗುವ ರೈಲಿನ ಸಮಯ ಕಕ್ಷಿದಾರರ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಫೈಲ್ ಓದಿದರೆ ಓದಿದಷ್ಟು ಹೊತ್ತು ಮಾತ್ರ ಬರೆಯಬಹುದು. ಆದರೆ ತುಂಬಿದ ಬೋಗಿಯಲ್ಲಿ ಕಕ್ಷಿದಾರರ ಕಾಗದ ಬಿಚ್ಚಬೇಡಿ, ಪಕ್ಕದವರಿಗೂ ಕಣ್ಣಿದೆ.

ಇನ್ನು ನೀವೇ ಕಡಿಮೆ ಬರೆಯುವ ವಿಷಯ. ದಯವಿಟ್ಟು ಹಾಗೆ ಮಾಡಬೇಡಿ. ಕಲಿಯುವವರು ನಿಧಾನವಾಗಿಯೇ ಇರುತ್ತಾರೆ, ಅಲ್ವಾ? 3 ಗಂಟೆ ಹಿಡಿದರೆ 3 ಎಂದೇ ಬರೆಯಿರಿ. ಜಾಸ್ತಿಯಾಯಿತು ಅನಿಸಿದರೆ ಸೀನಿಯರ್‌ಗೆ ಬಾಯಲ್ಲಿ ಹೇಳಿ. ಕತ್ತರಿಸುವುದು ಅವರ ಕೆಲಸ. ನೀವು ಮುಚ್ಚಿಟ್ಟರೆ ಆ ಕೆಲಸಕ್ಕೆ ನಿಜವಾಗಿ ಎಷ್ಟು ಹೊತ್ತು ಬೇಕು ಎಂದು ಫರ್ಮ್‌ಗೆ ತಿಳಿಯುವುದೇ ಇಲ್ಲ. ಮುಂದಿನ ಸಲವೂ ಸಾಲದ ಸಮಯ ಕೊಟ್ಟು ನಿಮ್ಮನ್ನೇ ಕೂರಿಸುತ್ತಾರೆ. ಸೋಮವಾರ ಈ ವಾರ ಕತ್ತರಿಸಿದ ಎರಡು ಎಂಟ್ರಿ ಹಿಡಿದು ಅವರ ಬಳಿ ಹೋಗಿ, ‘ಇದನ್ನು ನೀವು ಹೇಗೆ ಬರೆಯುತ್ತಿದ್ದಿರಿ ಸರ್?’ ಎಂದು ಕೇಳಿ.